ನಿಂತ ಹೃದಯಕ್ಕೆ ಕೈಯಾಸರೆ: ಯಾರಿಗೆ ಹೇಗೆ ಕಲಿಸಬೇಕು?

ಒಂದೇ ಪಾಠವನ್ನು ಎಲ್ಲ ತರಗತಿಗಳಿಗೂ ಒಂದೇ ಬಗೆಯಾಗಿ ಹೇಳುವ ಉಪಾಧ್ಯಾಯನು ಯಾವ ತರಗತಿಗೂ ಪಾಠ ಹೇಳಿದಂತಾಗುವುದಿಲ್ಲ. ಎಂಟನೆಯ ತರಗತಿಯ ಬಾಲಕನಿಗೆ ಸಂಧಿಯನ್ನು ತಿಳಿಸುವ ಕ್ರಮ ಬೇರೆ; ವಯಸ್ಕರ ಶಾಲೆಯಲ್ಲಿ ಸ್ಲೇಟು ಹಿಡಿದು ಕುಳಿತ ಅಜ್ಜಿಗೆ ಅಕ್ಷರ ತಿದ್ದಿಸುವ ಕ್ರಮ ಬೇರೆ. ವ್ಯಾಕರಣದಲ್ಲಿ ಈ ವಿವೇಚನೆ ತಪ್ಪಿದರೆ ಹೋಗುವುದು ನಾಲ್ಕು ಅಂಕ. ಇಲ್ಲಿ ಹೇಳಹೊರಟಿರುವ ವಿದ್ಯೆಯಲ್ಲಿ ತಪ್ಪಿದರೆ ಹೋಗುವುದು ಒಂದು ಜೀವ.

ಆ ವಿದ್ಯೆಗೆ ಸಿ.ಪಿ.ಆರ್. ಎಂದು ಹೆಸರು. ಕನ್ನಡದಲ್ಲಿ ಹೃದಯ-ಶ್ವಾಸ ಪುನಶ್ಚೇತನ ಎನ್ನಬಹುದು. ಹೆಸರು ನಾಲಗೆಗೆ ಭಾರವಾದರೂ ಕೆಲಸ ಸರಳವಾದದ್ದು: ನಿಂತುಹೋದ ಹೃದಯವನ್ನು ಹೊರಗಿನಿಂದ ಎದೆಯೊತ್ತಿ ದುಡಿಸುವುದು. ೧೯೬೦ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿದ್ಯಾಸಂಸ್ಥೆಯ ಕೌವೆನ್‌ಹೋವನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು ಇದನ್ನು ಲೋಕಕ್ಕೆ ತಿಳಿಸಿದರು. ಅದುವರೆಗೆ ಹೃದಯ ನಿಂತರೆ ವೈದ್ಯರು ಎದೆಯನ್ನು ಕೊಯ್ದು ಕೈಯಿಂದ ಹಿಸುಕಬೇಕಾಗಿತ್ತು. ಎರಡು ಕೈಗಳುಳ್ಳ ಯಾರೇ ಆಗಲಿ ಮಾಡಬಹುದಾದ ಕೆಲಸ ಇದು ಎಂದು ಗೊತ್ತಾದದ್ದು ಆ ವರ್ಷ. ಅದೇ ಕಾಲಕ್ಕೆ ನಾರ್ವೆ ದೇಶದಲ್ಲಿ ಲಾರ್ಡಾಲ್ ಎಂಬ ಆಟಿಕೆ ತಯಾರಕರು ಇದನ್ನು ಅಭ್ಯಾಸ ಮಾಡುವುದಕ್ಕಾಗಿ ಆಳೆತ್ತರದ ಬೊಂಬೆಯೊಂದನ್ನು ಮಾಡಿಕೊಟ್ಟರು. ಈ ವಿದ್ಯೆಯ ಮೊದಲ ಪಠ್ಯಪುಸ್ತಕವೇ ಒಂದು ಬೊಂಬೆ ಎಂಬುದನ್ನು ವಾಚಕರು ಗಮನಿಸಬೇಕು. ಇದು ಕಿವಿಯ ವಿದ್ಯೆಯಲ್ಲ, ಕೈಯ ವಿದ್ಯೆ.

ನಮ್ಮ ಚಾಮರಾಜನಗರದ ಸೀಮೆಗೆ ಈ ಮಾತು ದೂರದ್ದಲ್ಲ. ೨೦೨೧ರ ಅಕ್ಟೋಬರ್ ೨೯ರಂದು ಪುನೀತ್ ರಾಜ್‌ಕುಮಾರ್ ಅವರು ೪೬ನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ಅವರ ತಂದೆಯ ಕಾಲದಿಂದ ಅವರನ್ನು ಮನೆಯ ಮಗನೆಂದೇ ತಿಳಿದಿದ್ದ ಈ ಭಾಗದ ಜನ ಹೃದಯದ ವಿಚಾರವನ್ನು ಮೊದಲ ಬಾರಿಗೆ ಜಗಲಿಯ ಮೇಲೆ ಕುಳಿತು ಮಾತಾಡಿದರು. ೨೦೨೫ರ ಜನವರಿಯಲ್ಲಿ ಚಾಮರಾಜನಗರದಲ್ಲಿಯೇ ಪುಟ್ಟ ಶಾಲಾ ಬಾಲಕಿಯೊಬ್ಬಳು ತರಗತಿಯಲ್ಲಿ ಕುಸಿದು ತೀರಿಕೊಂಡಳು. ಇಂಥ ಸುದ್ದಿ ಬಂದಾಗಲೆಲ್ಲ ‘ಎಲ್ಲರಿಗೂ ಸಿ.ಪಿ.ಆರ್. ಕಲಿಸಬೇಕು’ ಎಂಬ ಮಾತು ಏಳುತ್ತದೆ. ಮಾತು ಸರಿಯೇ. ಆದರೆ ‘ಎಲ್ಲರಿಗೂ’ ಎಂಬ ಹೆಸರಿನ ವಿದ್ಯಾರ್ಥಿ ಯಾವ ಹಾಜರಿ ಪುಸ್ತಕದಲ್ಲಿಯೂ ಇಲ್ಲ. ಹುಡುಗರಿದ್ದಾರೆ, ಬಸ್ಸಿನ ಡ್ರೈವರಿದ್ದಾರೆ, ಬೇಸಾಯಗಾರರಿದ್ದಾರೆ, ಕಾಡಿನ ಪೋಡುಗಳಲ್ಲಿ ಸೋಲಿಗರಿದ್ದಾರೆ, ಮನೆಯಲ್ಲಿ ತಾಯಂದಿರಿದ್ದಾರೆ. ಇವರಲ್ಲಿ ಒಬ್ಬೊಬ್ಬರಿಗೆ ಹೇಗೆ ಕಲಿಸಬೇಕೆಂಬುದೇ ಈಗಿನ ಪ್ರಶ್ನೆ.

ಮೊದಲು ಒಂದು ಭೇದವನ್ನು ತಿಳಿಯೋಣ. ಹೃದಯಾಘಾತ ಬೇರೆ, ಹೃದಯಸ್ತಂಭನ ಬೇರೆ. ಪಂಪಿನ ಕೊಳವೆಯಲ್ಲಿ ಕಸ ಸಿಕ್ಕಿಕೊಂಡು ನೀರು ಸಣ್ಣಗಾದರೆ ಅದು ಮೊದಲನೆಯದು. ಪಂಪೇ ನಿಂತುಹೋದರೆ ಎರಡನೆಯದು. ಆಘಾತವಾದವನು ಎದೆನೋವೆಂದು ಹೇಳುತ್ತಾನೆ, ಬೆವರುತ್ತಾನೆ, ಮಾತಾಡುತ್ತಾನೆ. ಅವನ ಎದೆಯನ್ನು ಒತ್ತಬಾರದು, ಕೂಡಲೆ ಆಸ್ಪತ್ರೆಗೆ ಸೇರಿಸಬೇಕು. ಪುನೀತ್ ಅವರ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಇ.ಸಿ.ಜಿ. ತೆಗೆದು, ದೂರದ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ಏರ್ಪಾಡಾಗಿದೆ. ಅದು ಇಂಥವರಿಗಾಗಿ. ಸ್ತಂಭನವಾದವನು ಮಾತಾಡುವುದಿಲ್ಲ. ಕುಸಿಯುತ್ತಾನೆ, ಕರೆದರೆ ಓಗೊಡುವುದಿಲ್ಲ, ಸರಿಯಾಗಿ ಉಸಿರಾಡುವುದಿಲ್ಲ. ಅವನ ಮಿದುಳು ರಕ್ತವಿಲ್ಲದೆ ನಾಲ್ಕೈದು ನಿಮಿಷಗಳಲ್ಲಿ ಕೆಡತೊಡಗುತ್ತದೆ. ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಂಭವ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಸುಮಾರು ೩೫ ಕಿಲೋಮೀಟರು, ಮೈಸೂರಿಗೆ ಸುಮಾರು ೬೦. ನಾಲ್ಕು ನಿಮಿಷಕ್ಕೂ ಅರುವತ್ತು ಕಿಲೋಮೀಟರಿಗೂ ನಡುವೆ ಇರುವ ಸೇತುವೆ, ಬಳಿಯಲ್ಲಿ ನಿಂತವನ ಎರಡು ಕೈಗಳೇ.

ಭಾರತದ ಅರಿವಳಿಕೆ ತಜ್ಞರ ಸಂಘದವರು ೨೦೧೭ರಲ್ಲಿ ನಮ್ಮ ದೇಶದ ಜನಸಾಮಾನ್ಯರಿಗಾಗಿ ಒಂದು ಸುಲಭ ಕ್ರಮವನ್ನು ಹಾಕಿಕೊಟ್ಟರು. ಬಾಯಿಗೆ ಬಾಯಿಟ್ಟು ಉಸಿರೂದುವುದನ್ನು ಬಿಟ್ಟು, ಕೇವಲ ಎದೆಯೊತ್ತುವುದನ್ನು ಇಟ್ಟುಕೊಂಡ ಕ್ರಮ ಅದು. ಗುರುತಿಸಿ ಸಹಾಯಕ್ಕೆ ಕರೆಯುವುದು, ಎದೆಯೊತ್ತುವುದು, ಆಸ್ಪತ್ರೆಗೆ ಸಾಗಿಸುವುದು ಎಂದು ಮೂರೇ ಹೆಜ್ಜೆ. ಎರಡು ಭುಜಗಳನ್ನೂ ತಟ್ಟಿ ಗಟ್ಟಿಯಾಗಿ ಕರೆಯಿರಿ. ಉತ್ತರವಿಲ್ಲ, ಉಸಿರಿಲ್ಲ, ಅಥವಾ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗೊರಕೆಯಂತೆ ಎಳೆಯುತ್ತಾನೆ ಎಂದರೆ ಹೃದಯ ನಿಂತಿದೆಯೆಂದೇ ತಿಳಿಯಿರಿ. ‘ಉಸಿರಾಡುತ್ತಿದ್ದಾರೆ’ ಎಂದು ಜನ ಮೋಸಹೋಗುವುದು ಆ ಗೊರಕೆಯಿಂದಲೇ. ೧೦೮ಕ್ಕೆ ಫೋನು ಮಾಡಿಸಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುಮೂಳೆಯ ಕೆಳ ಅರ್ಧಭಾಗದ ಮೇಲೆ ಒಂದು ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯಿಟ್ಟು, ಮೊಣಕೈ ಮಡಿಸದೆ, ಮೈಭಾರ ಬಿಟ್ಟು ಒತ್ತಿ. ಐದು ಸೆಂಟಿಮೀಟರು ಇಳಿಯಬೇಕು, ಆರನ್ನು ಮೀರಬಾರದು. ಒತ್ತಿದಷ್ಟೂ ಪೂರ್ತಿಯಾಗಿ ಮೇಲೇಳಲು ಬಿಡಬೇಕು, ಏಕೆಂದರೆ ಹೃದಯಕ್ಕೆ ರಕ್ತ ತುಂಬುವುದು ಆಗಲೇ. ಇಷ್ಟು ಚೆನ್ನಾಗಿ ಒತ್ತಿದರೂ ಸಹಜವಾದ ರಕ್ತಸಂಚಾರದ ಕಾಲು ಭಾಗವೋ ಮೂರನೆಯ ಒಂದು ಭಾಗವೋ ದೊರೆಯುತ್ತದೆ. ಮಿದುಳನ್ನು ಕಾಯುವುದಕ್ಕೆ ಅಷ್ಟು ಸಹಾಯವೂ ದೊಡ್ಡದು.

ಪಾಠ ಇಷ್ಟೇ. ಇನ್ನು ವಿದ್ಯಾರ್ಥಿಗಳನ್ನು ನೋಡೋಣ.

ಮೊದಲಿಗೆ ಶಾಲೆಯ ಮಕ್ಕಳು. ಅವರಿಗೆ ಹೆದರಿಕೆ ಕಡಿಮೆ, ಕಲಿಯುವ ಚುರುಕು ಹೆಚ್ಚು, ಆದರೆ ಮೈಭಾರ ಸಾಲದು. ೨೦೦೭ರಲ್ಲಿ ಬ್ರಿಟನ್ನಿನ ಕಾರ್ಡಿಫ್ ನಗರದ ಮಕ್ಕಳ ವಿಷಯವಾಗಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ೯-೧೦ ವರ್ಷದವರಲ್ಲಿ ಒಬ್ಬರೂ ಬೊಂಬೆಯ ಎದೆಯನ್ನು ಬೇಕಾದಷ್ಟು ಆಳಕ್ಕೆ ಒತ್ತಲಾರದೆ ಹೋದರು. ೧೧-೧೨ರವರಲ್ಲಿ ನೂರಕ್ಕೆ ೧೯ ಮಂದಿ, ೧೩-೧೪ರವರಲ್ಲಿ ನೂರಕ್ಕೆ ೪೫ ಮಂದಿ ಒತ್ತಿದರು. ಆದರೂ ಕೈ ಇಡುವ ಜಾಗವನ್ನೂ ಒತ್ತುವ ವೇಗವನ್ನೂ ಚಿಕ್ಕವರು ದೊಡ್ಡವರಷ್ಟೇ ಚೆನ್ನಾಗಿ ಕಲಿಯಬಲ್ಲರೆಂದು ಅದರಿಂದ ಗೊತ್ತಾಯಿತು. ಆದ್ದರಿಂದ ಪ್ರಾಥಮಿಕ ಶಾಲೆಯ ಮಗುವಿಗೆ ಗುರುತಿಸುವುದನ್ನೂ, ಕೂಗಿ ಕರೆಯುವುದನ್ನೂ, ೧೦೮ಕ್ಕೆ ಊರು ಬೀದಿಗಳ ಗುರುತು ಹೇಳುವುದನ್ನೂ ಕಲಿಸಿದರೆ ಸಾಕು. ಹೈಸ್ಕೂಲಿನ ಹುಡುಗ ಹುಡುಗಿಯರಿಗೆ ಒತ್ತುವುದನ್ನೇ ಕಲಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ ೨೦೧೫ರಲ್ಲಿ ಅನುಮೋದಿಸಿದ ಕ್ರಮದ ಪ್ರಕಾರ, ಹನ್ನೆರಡನೆಯ ವಯಸ್ಸಿನಿಂದ ವರ್ಷಕ್ಕೆ ಎರಡು ಗಂಟೆ ಸಾಕು. ನಮ್ಮ ವೇಳಾಪಟ್ಟಿಯಲ್ಲಿ ಎರಡು ಗಂಟೆ ಎಷ್ಟು ಸಲ ಸುಮ್ಮನೆ ಕಳೆಯುತ್ತದೆಂಬುದನ್ನು ಉಪಾಧ್ಯಾಯ ಮಿತ್ರರಿಗೆ ಹೇಳಬೇಕಾಗಿಲ್ಲ. ಆದರೆ ಮಕ್ಕಳಿಗೆ ಒಂದು ಕಟ್ಟುಪಾಡು ಅಗತ್ಯ: ಅಭ್ಯಾಸವೆಲ್ಲ ಬೊಂಬೆ ಅಥವಾ ದಿಂಬಿನ ಮೇಲೆ, ಜೊತೆಯ ಹುಡುಗನ ಎದೆಯ ಮೇಲೆ ಎಂದಿಗೂ ಕೂಡದು.

ಎರಡನೆಯವರು ರಸ್ತೆಯ ಜನ. ಗುಂಡ್ಲುಪೇಟೆ ಎರಡು ಘಟ್ಟದ ದಾರಿಗಳು ಕವಲೊಡೆಯುವ ಊರು. ಒಂದು ವಯನಾಡಿನ ಕಡೆಗೆ, ಇನ್ನೊಂದು ಊಟಿಯ ಕಡೆಗೆ. ಬಂಡೀಪುರದ ಕಾಡಿನೊಳಗೆ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರ ಕೂಡದೆಂಬ ಕಟ್ಟಳೆ ೨೦೦೯ರಿಂದ ಇರುವುದರಿಂದ, ದೂರದೂರದ ಲಾರಿಗಳವರು ಊರಿನ ಆಸುಪಾಸಿನಲ್ಲಿಯೇ ತಂಗುತ್ತಾರೆ. ಇವರಿಗೆ ಮೈಬಲವುಂಟು, ಎದೆಗಾರಿಕೆಯುಂಟು. ಇಲ್ಲದಿರುವುದು ಪುರುಸೊತ್ತು, ಇರುವ ಭಯ ಪೊಲೀಸು ಕೋರ್ಟುಗಳದು. ಆದ್ದರಿಂದ ಇವರ ಪಾಠ ಕಾನೂನಿನಿಂದ ಮೊದಲಾಗಬೇಕು. ೨೦೧೯ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ೧೩೪ಎ ಕಲಮಿನಂತೆ, ರಸ್ತೆ ಅಪಘಾತದಲ್ಲಿ ಸದ್ಭಾವದಿಂದ ನೆರವಾದವನ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಹೆಸರು ಹೇಳೆಂದು ಅವನನ್ನು ಬಲಾತ್ಕರಿಸುವಂತಿಲ್ಲ. ಈ ಒಂದು ಮಾತು ಕೇಳಿದ ಮೇಲೆಯೇ ಅವರ ಕೈ ಮುಂದೆ ಬರುತ್ತದೆ. ಅನಂತರ ಅರ್ಧ ಗಂಟೆ, ಡಿಪೋವಿನಲ್ಲಿ, ಕೆಲಸಕ್ಕೆ ಹೊರಡುವ ಮುಂಚೆ. ಮುಖ್ಯವಾದ ಸೂಚನೆ ಎರಡು. ಸೀಟಿನ ಮೇಲೆ ಕೂರಿಸಿ ಒತ್ತಿದರೆ ಫಲವಿಲ್ಲ, ನೆಲಕ್ಕೆ ಇಳಿಸಬೇಕು. ಕೆಲಸ ಹಂಚಿಕೊಳ್ಳಬೇಕು: ಕಂಡಕ್ಟರು ಒತ್ತಲಿ, ಡ್ರೈವರು ಫೋನು ಹಿಡಿಯಲಿ, ಎರಡು ನಿಮಿಷಕ್ಕೆ ಕೈ ಬದಲಿಸಲಿ. ಎಂಥ ಗಟ್ಟಿಗನಿಗೂ ಎರಡು ನಿಮಿಷದ ಮೇಲೆ ಒತ್ತಿನ ಆಳ ಕುಗ್ಗುತ್ತದೆ.

ಮೂರನೆಯವರು ಬೇಸಾಯಗಾರರು. ಅರಿಶಿನ, ಸಣ್ಣ ಈರುಳ್ಳಿ, ಸೂರ್ಯಕಾಂತಿ ಬೆಳೆಯುವ ಈ ತಾಲ್ಲೂಕುಗಳಲ್ಲಿ ಪಂಪುಸೆಟ್ಟಿಲ್ಲದೆ ಬೇಸಾಯ ನಡೆಯದು. ಇಲ್ಲಿ ಹೃದಯ ನಿಲ್ಲುವುದಕ್ಕೆ ಇನ್ನೆರಡು ಕಾರಣಗಳು ಸೇರುತ್ತವೆ: ಕರೆಂಟಿನ ಹೊಡೆತ ಮತ್ತು ಬಾವಿ. ಕರೆಂಟು ಹೊಡೆದವನನ್ನು ಬರಿಗೈಯಿಂದ ಮುಟ್ಟಿದರೆ ಒಬ್ಬನ ಬದಲು ಇಬ್ಬರು ಹೋಗುತ್ತಾರೆ. ಆದ್ದರಿಂದ ಇವರ ಪಾಠದ ಮೊದಲ ಹೆಜ್ಜೆ ಎದೆಯಲ್ಲ, ಮೇನ್ ಸ್ವಿಚ್ಚು. ನೀರಿನಲ್ಲಿ ಮುಳುಗಿದವನ ವಿಷಯದಲ್ಲಿಯಂತೂ ಕೇವಲ ಎದೆಯೊತ್ತುವ ಸುಲಭ ಕ್ರಮ ಸಾಲದು. ಅವನ ಹೃದಯ ನಿಂತದ್ದು ಉಸಿರು ಕಟ್ಟಿದ್ದರಿಂದ. ಮೊದಲು ಮೂಗು ಹಿಡಿದು, ಗಲ್ಲವೆತ್ತಿ, ಬಾಯಿಂದ ಉಸಿರೂದಬೇಕು. ಆಮೇಲೆ ಮೂವತ್ತು ಒತ್ತು, ಎರಡು ಉಸಿರು, ಹೀಗೆ ನಡೆಯಬೇಕು. ಹೆಗಲ ಮೇಲೆ ಹೊತ್ತು ಗಿರಗಿರನೆ ತಿರುಗಿಸುವುದು, ಹೊಟ್ಟೆ ಅಮುಕಿ ನೀರು ಕಕ್ಕಿಸುವುದು ನಮ್ಮ ಹಳ್ಳಿಗಳ ಹಳೆಯ ರೂಢಿ. ಅದರಲ್ಲಿ ಕಳೆಯುವುದು ಆ ಬೆಲೆಬಾಳುವ ನಾಲ್ಕು ನಿಮಿಷ. ಇವರಿಗೆ ಸಭೆ ಕರೆದು ಭಾಷಣ ಮಾಡಿದರೆ ಹಾರ ತುರಾಯಿಗಳಲ್ಲಿಯೇ ಹೊತ್ತು ಮುಗಿಯುತ್ತದೆ. ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಕ್ಯಾನು ಇಟ್ಟು ನಿಂತಿರುವಾಗ, ಐದೈದು ಮಂದಿಗೆ ದಿಂಬಿನ ಮೇಲೆ ಕೈ ಹಿಡಿದು ಮಾಡಿಸುವುದು ಮೇಲು.

ನಾಲ್ಕನೆಯವರು ಕಾಡಿನ ಜನ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಹೆಚ್. ಸುದರ್ಶನ್ ಅವರು ೧೯೮೧ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ನಮಗೊಂದು ದಾರಿ ತೋರಿಸಿದೆ. ಹೊರಗಿನವರು ಬಂದು ಹೇಳಿಹೋಗುವುದಕ್ಕಿಂತ, ಸೋಲಿಗರ ಹೆಣ್ಣುಮಕ್ಕಳನ್ನೇ ದಾದಿಯರನ್ನಾಗಿ ತಯಾರು ಮಾಡಿದರೆ ಆ ವಿದ್ಯೆ ಪೋಡಿನಲ್ಲಿ ನಿಲ್ಲುತ್ತದೆ. ಪ್ರಾಮಾಣಿಕವಾಗಿ ಒಂದು ಮಾತನ್ನು ಇಲ್ಲಿ ಹೇಳಬೇಕು. ಆಂಬುಲೆನ್ಸು ಬಹಳ ಹೊತ್ತಿನವರೆಗೆ ಬಾರದ ಕಡೆ ಕೇವಲ ಎದೆಯೊತ್ತುವುದರಿಂದ ಹೃದ್ರೋಗಿ ಬದುಕುವ ಆಸೆ ಕಡಿಮೆ. ಆದರೆ ಸಿಡಿಲು ಬಡಿದವನು, ಹೊಳೆಯಲ್ಲಿ ಮುಳುಗಿದವನು, ನಾಗರ ಅಥವಾ ಕಟ್ಟುಹಾವಿನ ವಿಷದಿಂದ ಉಸಿರಿನ ಸ್ನಾಯುಗಳು ಸೋತವನು, ಇವರೆಲ್ಲ ಉಸಿರಿನ ಆಸರೆ ಸಿಕ್ಕರೆ ಉಳಿದುಕೊಳ್ಳುವವರು. ಆದಕಾರಣ ಪಟ್ಟಣದವರಿಗೆ ಬಿಟ್ಟುಬಿಡಬಹುದಾದ ಉಸಿರೂದುವ ಭಾಗವನ್ನು ಪೋಡಿನವರಿಗೆ ತಪ್ಪದೆ ಕಲಿಸಬೇಕು. ಒಬ್ಬಿಬ್ಬರಿಗಲ್ಲ, ಸರದಿಯ ಮೇಲೆ ಕೈ ಬದಲಿಸಲು ಐದಾರು ಮಂದಿಗೆ.

ಕೊನೆಯವರು ಮನೆಯವರು. ಶಿಬಿರಗಳಲ್ಲಿ ಇವರನ್ನು ಕಾಣುವುದೇ ಅಪರೂಪ. ಆದರೆ ಆಸ್ಪತ್ರೆಯ ಹೊರಗೆ ಹೃದಯ ನಿಲ್ಲುವ ಹತ್ತು ಮಂದಿಯಲ್ಲಿ ಏಳು ಮಂದಿಗೆ ಅದು ನಿಲ್ಲುವುದು ಮನೆಯಲ್ಲಿ ಎಂದು ಹೊರದೇಶಗಳ ದಾಖಲೆಗಳು ಹೇಳುತ್ತವೆ. ಆಗ ಬಳಿಯಲ್ಲಿರುವವರು ಪೊಲೀಸಿನವರಲ್ಲ, ಡ್ರೈವರಲ್ಲ. ಹೆಂಡತಿ, ಸೊಸೆ, ಮೊಮ್ಮಗ. ಇವರಿಗಿರುವ ಭಯ ಬೇರೆ. ‘ಪಕ್ಕೆಲುಬು ಮುರಿದರೆ? ನನ್ನಿಂದಲೇ ಪ್ರಾಣ ಹೋದರೆ?’ ಇವರಿಗೆ ಮೊದಲು ಹೇಳಬೇಕಾದದ್ದು ಇಷ್ಟು: ಹೃದಯ ನಿಂತವನಿಗೆ ಅದಕ್ಕಿಂತ ಹೆಚ್ಚಿನ ಕೇಡು ನಿಮ್ಮ ಕೈಯಿಂದ ಆಗಲಾರದು. ಎಲುಬು ಮುರಿದರೆ ಕೂಡಿಕೊಳ್ಳುತ್ತದೆ. ಬಾಯಿಗೆ ನೀರು ಹಾಕಬಾರದು. ಹಾಸಿಗೆಯ ಮೇಲೆ ಒತ್ತಿದರೆ ಹಾಸಿಗೆ ಕುಗ್ಗೀತೇ ಹೊರತು ಎದೆ ಕುಗ್ಗದು; ಜಮಖಾನ ಸಮೇತ ಎಳೆದು ನೆಲಕ್ಕಿಳಿಸಬೇಕು. ಮಂಡಿನೋವಿನ ಅಜ್ಜಿ ನೆಲಕ್ಕೆ ಬಾಗಲಾರರು, ನಿಜ. ಆದರೆ ಫೋನು ಮಾಡಬಲ್ಲರು, ಬಾಗಿಲು ತೆರೆದಿಡಬಲ್ಲರು, ಒತ್ತುವವರಿಗೆ ಗಟ್ಟಿಯಾಗಿ ಎಣಿಸಿ ಹೇಳಬಲ್ಲರು.

ಇಲ್ಲಿಯೇ ಸೂಕ್ಷ್ಮವಾದ ಇನ್ನೊಂದು ಸಂಗತಿ. ೨೦೧೮ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಂತೆ, ಸಾರ್ವಜನಿಕ ಸ್ಥಳದಲ್ಲಿ ಕುಸಿದ ಗಂಡಸರಲ್ಲಿ ನೂರಕ್ಕೆ ೪೫ ಮಂದಿಗೆ ದಾರಿಹೋಕರ ನೆರವು ದೊರೆತರೆ, ಹೆಂಗಸರಲ್ಲಿ ೩೯ ಮಂದಿಗೆ ಮಾತ್ರ ದೊರೆಯಿತು. ಮುಟ್ಟುವುದಕ್ಕೆ ಅಲ್ಲಿಯೇ ಅಷ್ಟು ಸಂಕೋಚವಿದ್ದರೆ ನಮ್ಮಲ್ಲಿ ಎಷ್ಟಿರಬೇಡ! ಬಟ್ಟೆ ತೆಗೆಯಬೇಕಾಗಿಲ್ಲ, ಸೀರೆಯ ಮೇಲಿನಿಂದಲೇ ಒತ್ತಬಹುದು ಎಂಬುದನ್ನು ಗಂಡಸರ ಪಾಠದಲ್ಲಿಯೂ ಹೆಂಗಸರ ಪಾಠದಲ್ಲಿಯೂ ಬಿಡಿಸಿ ಹೇಳಬೇಕು.

ಈಗ ಲಯದ ಮಾತು. ಕನ್ನಡ ಪಂಡಿತನಾದವನು ಛಂದಸ್ಸನ್ನು ತಾರದೆ ಬಿಟ್ಟಾನೆಯೆ? ಒತ್ತಿನ ವೇಗ ನಿಮಿಷಕ್ಕೆ ನೂರಕ್ಕೆ ಕಡಿಮೆಯಿರಬಾರದು, ನೂರಿಪ್ಪತ್ತನ್ನು ದಾಟಬಾರದು. ನಮ್ಮ ದೇಶದ ಕ್ರಮ ಹೇಳುವುದು ನೂರಿಪ್ಪತ್ತು. ಗಡಿಯಾರದ ಸೆಕೆಂಡು ಮುಳ್ಳಿನ ಒಂದು ನಡೆಗೆ ಎರಡು ಒತ್ತು. ತರಬೇತಿಗಳಲ್ಲಿ ಒಂದರಿಂದ ಮೂವತ್ತರವರೆಗೆ ಎಣಿಸಿ ಎನ್ನುತ್ತಾರೆ. ಕನ್ನಡದಲ್ಲಿ ಹಾಗೆ ಎಣಿಸಿ ನೋಡಿ. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಎಂಟು, ಹತ್ತು: ಇವೆಲ್ಲ ಮೂರು ಮೂರು ಮಾತ್ರೆಯ ಪದಗಳು. ಒಂಬತ್ತು ಮಾತ್ರ ಐದು ಮಾತ್ರೆ. ಹತ್ತನ್ನು ದಾಟಿದರೆ ಹನ್ನೊಂದು ಐದು ಮಾತ್ರೆ, ಇಪ್ಪತ್ತೇಳು ಏಳು ಮಾತ್ರೆ, ಇಪ್ಪತ್ತೊಂಬತ್ತು ಒಂಬತ್ತು ಮಾತ್ರೆ. ನಾಲಗೆ ತಡವಾದಂತೆ ಕೈಯೂ ತಡವಾಗುತ್ತದೆ. ಆದ್ದರಿಂದ ಕನ್ನಡ ಬಾಯಿಗೆ ಹೊಂದುವ ಎಣಿಕೆ ಒಂದರಿಂದ ಹತ್ತು, ಮತ್ತೆ ಒಂದರಿಂದ ಹತ್ತು. ಮೂರು ಹತ್ತಾದರೆ ಮೂವತ್ತು. ಒಂಬತ್ತನ್ನು ಸ್ವಲ್ಪ ಅವಸರವಾಗಿ ನುಂಗಿದರೆ ಲಯ ಕೆಡದು. ಓದುಬರಹ ಬಾರದವರೂ ಇದನ್ನು ಮರೆಯುವುದಿಲ್ಲ.

ಇಷ್ಟು ಬಗೆಯ ಬೋಧನೆಗಳನ್ನು ತೂಗಿ ನೋಡಿದರೆ ಯಾವುದು ಮೇಲು? ಕೈಗೆ ಕೆಲಸ ಕೊಡದ ಭಾಷಣ ಎಲ್ಲಕ್ಕಿಂತ ಕೀಳು. ದಿನವಿಡೀ ನಡೆಯುವ ಶಿಬಿರ ಒಳ್ಳೆಯದೇ, ಆದರೆ ಅದಕ್ಕೆ ಬರುವವರು ಕೆಲವರು. ೨೦೦೫ರಲ್ಲಿ ಅಮೆರಿಕದಲ್ಲಿ ನಲವತ್ತರಿಂದ ಎಪ್ಪತ್ತು ವಯಸ್ಸಿನವರ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಚಿತ್ರ ನೋಡುತ್ತ ಕೈಯಲ್ಲಿಯೇ ಬೊಂಬೆ ಹಿಡಿದು ಅರ್ಧ ಗಂಟೆ ಕಲಿತವರು, ಗಂಟೆಗಟ್ಟಲೆ ತರಗತಿಯಲ್ಲಿ ಕುಳಿತವರಿಗಿಂತ ಹಿಂದೆ ಬೀಳಲಿಲ್ಲ. ಹೊತ್ತಿಗಿಂತ ಕೈಯ ಅಭ್ಯಾಸ ದೊಡ್ಡದೆಂದಾಯಿತು. ಆದರೆ ಯಾವ ಬಗೆಯಲ್ಲಿ ಕಲಿತರೂ ಮೂರರಿಂದ ಆರು ತಿಂಗಳಲ್ಲಿ ಕೈ ಮರೆಯತೊಡಗುತ್ತದೆ. ವರ್ಷಕ್ಕೊಮ್ಮೆ ಉತ್ಸವದಂತೆ ನಡೆಸಿ ಬಿಡುವುದರ ಬದಲು, ಮೂರು ತಿಂಗಳಿಗೊಮ್ಮೆ ಐದು ನಿಮಿಷ ತಿದ್ದಿಸುವುದು ಲೇಸು.

ಹಲವು ಬಾಗಿಲುಗಳಿಂದ ಕಲಿಸಿದರೆ ಫಲವುಂಟೆಂಬುದಕ್ಕೆ ಡೆನ್ಮಾರ್ಕ್ ದೇಶ ಸಾಕ್ಷಿ. ಅಲ್ಲಿ ೨೦೦೫ರಲ್ಲಿ ಶಾಲೆಗಳಲ್ಲಿಯೂ ೨೦೦೬ರಲ್ಲಿ ವಾಹನ ಪರವಾನಗಿಗೂ ಈ ವಿದ್ಯೆಯನ್ನು ಕಡ್ಡಾಯ ಮಾಡಿದರು. ೨೦೦೧ರಲ್ಲಿ ಕುಸಿದವರಲ್ಲಿ ನೂರಕ್ಕೆ ೨೧ ಮಂದಿಗೆ ದಾರಿಹೋಕರ ನೆರವು ದೊರೆಯುತ್ತಿದ್ದುದು ೨೦೧೦ರಲ್ಲಿ ೪೫ಕ್ಕೆ ಏರಿತು. ಮೂವತ್ತು ದಿನ ಬದುಕಿದವರ ಪ್ರಮಾಣ ೩.೫ರಿಂದ ೧೦.೮ಕ್ಕೆ ಏರಿತು. ಚಿಕಿತ್ಸೆಯ ಇತರ ಸುಧಾರಣೆಗಳ ಪಾಲೂ ಅದರಲ್ಲುಂಟು. ಆದರೂ ಮೊದಲ ಕೈ ನೆರೆಯವನದೇ.

ರೇಡಿಯೋ ಇದನ್ನು ಕಲಿಸಬಲ್ಲುದೆ? ಅರ್ಧವನ್ನು ಕಲಿಸಬಲ್ಲುದು. ಗುರುತಿಸುವುದು, ೧೦೮ಕ್ಕೆ ಕರೆಯುವುದು, ಎಣಿಕೆಯ ಲಯ, ಇವು ಕಿವಿಯಿಂದ ಬರುತ್ತವೆ. ಆಳ ಮಾತ್ರ ಕೈಯಿಂದಲೇ ಬರಬೇಕು. ಹತ್ತಿರದ ಆಸ್ಪತ್ರೆಯಲ್ಲೋ ಶಾಲೆಯಲ್ಲೋ ಬೊಂಬೆಯ ಮೇಲೆ ಕಲಿಸುವ ದಿನ ಬಂದಾಗ ಮನೆಯಿಂದ ಇಬ್ಬರು ಹೋಗಿ ಬನ್ನಿ. ಒಬ್ಬರೇ ಕಲಿತರೆ, ಕುಸಿಯುವವರು ಅವರೇ ಆದಾಗ ಮನೆಯಲ್ಲಿ ಬಲ್ಲವರು ಉಳಿಯುವುದಿಲ್ಲ. ಅದುವರೆಗೆ ಇಂದಿನ ಸಂಜೆಯೇ ಗಟ್ಟಿಯಾದ ದಿಂಬೊಂದನ್ನು ನೆಲಕ್ಕೆ ಹಾಕಿ, ಗೋಡೆಯ ಗಡಿಯಾರವನ್ನು ನೋಡುತ್ತ, ಒಂದರಿಂದ ಹತ್ತು ಎಣಿಸಿ ಎರಡು ನಿಮಿಷ ಒತ್ತಿ ನೋಡಿ. ತೋಳು ಸೋಲುತ್ತದೆ. ಸೋತಾಗ ಪಕ್ಕದಲ್ಲಿರುವವರನ್ನು ಕರೆದು ಕೈ ಬದಲಿಸಿ.